ಹತ್ತರ ಡಿಸೆಂಬರ್ ಬೇಡ, ಎಂಟರ ಜೂನ್ ಇರಲಿ: ಜಿ.ಪಂ. ಸಿಇಒ ಅವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು,
ಉಡುಪಿ ಜಿಲ್ಲಾ ಪಂಚಾಯತ್, ರಜತಾದ್ರಿ, ಮಣಿಪಾಲ

ಮಾನ್ಯರೇ,

ಡಿಸೆಂಬರ್ ಬಂತೆಂದರೆ ಪ್ರೌಢಶಾಲೆಗಳಲ್ಲಿ ಹತ್ತನೆಯವರಿಗೆ ಸಂಜೆ ವಿಶೇಷ ತರಗತಿ. ಹಳೆಯ ಪ್ರಶ್ನೆಪತ್ರಿಕೆ, ಪಾಸಿಂಗ್ ಪ್ಯಾಕೇಜ್, ಬರಬಹುದಾದ ಚಿತ್ರಗಳ ಅಭ್ಯಾಸ. ಇದರಿಂದ ಪ್ರಯೋಜನವೇ ಇಲ್ಲ ಎನ್ನುತ್ತಿಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 94 ಫಲಿತಾಂಶದೊಂದಿಗೆ ಉಡುಪಿ ರಾಜ್ಯಕ್ಕೆ ಮೊದಲಿತ್ತು, 2025ರಲ್ಲಿ ಶೇ. 89.96, ದಕ್ಷಿಣ ಕನ್ನಡದ ಹಿಂದೆ ಎರಡನೇ ಸ್ಥಾನ. ತೊಡಕಿರುವುದೂ ಈ ಅಂಕಿಗಳಲ್ಲೇ. ಪಾಸಾಯಿತಲ್ಲ, ಇನ್ನೇನು ಎಂದು ಮನೆಯವರೂ ಶಾಲೆಯವರೂ ಸುಮ್ಮನಾಗುತ್ತಾರೆ. ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಬಣ್ಣ ಬಯಲಾಗುತ್ತದೆ.

ಒಂದು ಲೆಕ್ಕ ನೋಡಿ. ವರ್ಗಸಮೀಕರಣದಲ್ಲಿ ಎ 2, ಬಿ −7, ಸಿ 3. ಶೋಧಕ (ಬಿ² − 4ಎಸಿ) 49 − 24, ಅಂದರೆ 25. ಮೂಲಗಳು 3 ಮತ್ತು 1/2. ಮಗು ಸೂತ್ರವನ್ನು ತಪ್ಪಿಲ್ಲದೆ ಬರೆಯುತ್ತದೆ. ಮುಂದಿನ ಸಾಲಿನಲ್ಲಿ −7ರ ವರ್ಗ −49 ಎಂದು ಹಾಕುತ್ತದೆ, −73 ಬರುತ್ತದೆ, ‘ನೈಜ ಮೂಲಗಳಿಲ್ಲ’ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತದೆ. ಇನ್ನು ವಿಜ್ಞಾನ: ನಿಮ್ನ ದರ್ಪಣದ ಸಂಗಮ ದೂರ 10 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿದೆ. ಬಿಂಬದ ದೂರ ತಿಳಿಯಲು −1/10 + 1/30 ಕೂಡಿಸಬೇಕು. −1/15 ಬಂದರೆ ಬಿಂಬ ದರ್ಪಣದ ಮುಂದೆ 15 ಸೆಂ.ಮೀ.ನಲ್ಲಿ. ಮಗು ಮೇಲಿನದನ್ನು ಮೇಲಕ್ಕೆ, ಕೆಳಗಿನದನ್ನು ಕೆಳಕ್ಕೆ ಕೂಡಿಸಿ 0/40 ಎಂದು ಬರೆದು ಅಲ್ಲೇ ನಿಲ್ಲುತ್ತದೆ. ಎರಡೂ ಹತ್ತನೇ ತರಗತಿಯ ತಪ್ಪುಗಳಲ್ಲ. ಪೂರ್ಣಾಂಕ ಮತ್ತು ಭಿನ್ನರಾಶಿ ಏಳನೇ ತರಗತಿಯೊಳಗೆ ಮುಗಿದ ಪಾಠಗಳು. ಅವನ್ನು ಡಿಸೆಂಬರ್‌ನಲ್ಲಿ ತಿದ್ದಲು ಯಾರಿಗೂ ಪುರುಸೊತ್ತಿಲ್ಲ.

ಹಾಗಾಗಿ ನಮ್ಮ ಕೋರಿಕೆ: ಸಂಜೆ ಪಾಠವನ್ನು ಎಂಟನೇ ತರಗತಿಯಲ್ಲೇ ಆರಂಭಿಸಿ, ಗ್ರಾಮ ಪಂಚಾಯತ್‌ಗಳ ಅರಿವು ಕೇಂದ್ರಗಳಲ್ಲಿ, ಅಂದರೆ ಊರಿನ ಗ್ರಂಥಾಲಯಗಳಲ್ಲಿ ನಡೆಸಿ.

ಶಾಲೆ ಆರಂಭವಾದಾಗ ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧದಲ್ಲಿ, ಮಗು ಎಲ್ಲಿ ಎಡವುತ್ತಿದೆ ಎಂದು ನೋಡುವ ನೈದಾನಿಕ ಪರೀಕ್ಷೆ ಈಗಲೂ ಇದೆ. ಮಳೆಯ ರಜೆಗಳು ಅದನ್ನು ನುಂಗುತ್ತವೆ, ಉಳಿದದ್ದು ದಾಖಲೆಗೆ ಸೇರಿ ಕಪಾಟಿಗೆ ಹೋಗುತ್ತದೆ. ಜೂನ್ ಮೊದಲ ವಾರದಲ್ಲೇ 40 ನಿಮಿಷದ, 20 ಪ್ರಶ್ನೆಗಳ ಪರೀಕ್ಷೆ ಮಾಡಿಸಿ: 8 ಪೂರ್ಣಾಂಕಕ್ಕೆ, 6 ಭಿನ್ನರಾಶಿಗೆ, 3 ಸರಳ ಸಮೀಕರಣಕ್ಕೆ, 3 ಓದಿ ಬಿಡಿಸುವ ಲೆಕ್ಕಕ್ಕೆ. ಅಂಕ ಹಾಕುವುದೇ ಬೇಡ. ಪ್ರತಿ ತಪ್ಪಿನ ಎದುರು ಚಿಹ್ನೆ, ಛೇದ, ಮಗ್ಗಿ, ಓದು ಇವುಗಳಲ್ಲಿ ಯಾವುದು ಎಂದಷ್ಟೇ ಗುರುತು ಹಾಕಿ. ಒಂದೇ ಬಗೆಯ ತಪ್ಪು ಮೂರು ಕಡೆ ಬಂದಿದ್ದರೆ ಮಗು ತಪ್ಪಾಗಿಯೇ ಕಲಿತಿದೆ. ಒಂದೇ ಕಡೆ ಇದ್ದರೆ ಕೈತಪ್ಪು, ಬಿಟ್ಟುಬಿಡಿ. 12 ಅಂಕ ಎಂದು ಬರೆದಿಟ್ಟರೆ ಸಂಜೆ ಪಾಠ ಹೇಳುವವರಿಗೆ ಅದರಿಂದ ಏನೂ ತಿಳಿಯದು.

ಚಿಹ್ನೆ ತಪ್ಪುವುದಕ್ಕೆ ಹೆಚ್ಚಿನ ಮಟ್ಟಿಗೆ ನಾವೇ, ಅಂದರೆ ಕಲಿಸುವವರೇ ಕಾರಣ. ‘ಮೈನಸ್ ಮೈನಸ್ ಪ್ಲಸ್’ ಎಂದು ಬಾಯಿಪಾಠ ಮಾಡಿಸುತ್ತೇವೆ, ಅದು ಗುಣಾಕಾರ, ಭಾಗಾಕಾರಕ್ಕೇ ಹೊರತು ಎರಡು ಋಣಸಂಖ್ಯೆ ಕೂಡಿಸುವುದಕ್ಕಲ್ಲ ಎಂದು ಹೇಳಲು ಮರೆಯುತ್ತೇವೆ. ಮಗು −3 − 5 ಕಂಡರೆ 8 ಎನ್ನುತ್ತದೆ. ಅಂಗಡಿಯ ಸಾಲದ ಪುಸ್ತಕ ತೆಗೆಯಿರಿ: 3 ರೂಪಾಯಿ ಬಾಕಿ, ಮತ್ತೆ 5 ರೂಪಾಯಿ ಬಾಕಿ, ಒಟ್ಟು 8 ಬಾಕಿಯೇ ಹೊರತು ಜಮೆಯಲ್ಲ. ಛೇದಕ್ಕೆ ಒಂದೇ ಉದ್ದದ ಎರಡು ಕಾಗದದ ಪಟ್ಟಿ ಸಾಕು. ಒಂದನ್ನು ಎರಡಾಗಿ, ಇನ್ನೊಂದನ್ನು ಮೂರಾಗಿ ಮಡಚಿ, ಆಮೇಲೆ ಎರಡರಲ್ಲೂ ಆರು ಭಾಗ ಬರುವಂತೆ ಮಡಚಿಸಿದರೆ 1/2 + 1/3 ಯಾಕೆ 2/5 ಅಲ್ಲ, 5/6 ಎಂದು ಕೈಗೇ ಗೊತ್ತಾಗುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಗುವಿಗೆ ‘ಛೇದ’ ಎಂಬುದು ಶಾಲೆಯ ಶಬ್ದ. ಎಂಟರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಅದೂ ಬದಲಾಗಿ ‘ಡಿನಾಮಿನೇಟರ್’. ಮೊದಲ ತಿಂಗಳು ಎರಡೂ ಹೆಸರು ಬೋರ್ಡಿನ ಮೇಲಿರಲಿ.

ಒಂದು ಗುಂಪಿನಲ್ಲಿ 8 ಮಕ್ಕಳು. ಹತ್ತು ದಾಟಿದರೆ ಹಿಂದೆ ಕೂತ ಮೌನಿಯ ಪುಸ್ತಕ ಯಾರೂ ನೋಡುವುದಿಲ್ಲ. ಒಂದು ಗಂಟೆಯಲ್ಲಿ ಹಿಂದಿನ ಪಾಠದ ಐದು ಲೆಕ್ಕಕ್ಕೆ 10 ನಿಮಿಷ, ಹೊಸ ವಿಷಯ ಒಂದೇ ಒಂದು, 15 ನಿಮಿಷ; ಉಳಿದದ್ದೆಲ್ಲ ಮಕ್ಕಳು ಬಿಡಿಸುವುದಕ್ಕೆ. ಕಲಿಸುವವರು ಮಗುವಿನ ಕೈಯಿಂದ ಪೆನ್ ತೆಗೆದುಕೊಳ್ಳಬಾರದು. ಮನೆಪಾಠ ಕೆಡುವುದು ಇಲ್ಲೇ: ಮೇಷ್ಟ್ರು ಬಿಡಿಸುತ್ತಾರೆ, ಮಗು ಚಂದದ ಅಕ್ಷರದಲ್ಲಿ ಇಳಿಸಿಕೊಳ್ಳುತ್ತದೆ, ಇಬ್ಬರಿಗೂ ಸಮಾಧಾನ. ಮೂರು ವಾರ ಬಿಟ್ಟು ಅದೇ ಬಗೆಯ ಲೆಕ್ಕ ಪುನಃ ಕೊಡಿ, ಆಗ ಉಳಿದಿದ್ದರೆ ಉಳಿಯಿತು. ವಾರಕ್ಕೆ ಮೂರು ದಿನದಂತೆ ಜುಲೈಯಿಂದ ದಸರಾ ರಜೆಯವರೆಗೆ 12 ವಾರ, 36 ಗಂಟೆ. ಮಳೆಯ ರಜೆ ಕಳೆದು 30 ಸಿಕ್ಕರೂ ಚಿಹ್ನೆ ಮತ್ತು ಛೇದ ಎರಡನ್ನೂ ತಿದ್ದಬಹುದು. ಬೀಜಗಣಿತಕ್ಕೆ ಆಮೇಲೆ ಕೈ ಹಾಕಿದರಾಯಿತು.

ಶಾಲೆಯಲ್ಲೇ ಯಾಕೆ ಬೇಡವೆಂದರೆ, ಹೆಬ್ರಿ, ಬೈಂದೂರಿನ ಒಳಭಾಗದಲ್ಲಿ ಸಂಜೆ ಒಂದು ಬಸ್ಸು ತಪ್ಪಿದರೆ ಮಗು ಮನೆ ಸೇರುವುದು ಕತ್ತಲಾದ ಮೇಲೆ. ಹೆಣ್ಣುಮಕ್ಕಳನ್ನು ಎರಡನೇ ದಿನವೇ ಬಿಡಿಸುತ್ತಾರೆ. ಅರಿವು ಕೇಂದ್ರವಾದರೆ ಮನೆಗೆ ಹತ್ತಿರ. ಮಧ್ಯಾಹ್ನದ ಬಿಸಿಯೂಟ ಸಂಜೆಗೆ ಕರಗಿರುತ್ತದೆ. ಒಂದು ಹಿಡಿ ಅವಲಕ್ಕಿ, ಒಂದು ಬಾಳೆಹಣ್ಣು ಇಲ್ಲದೆ ಭಿನ್ನರಾಶಿ ತಲೆಗೆ ಹತ್ತುವುದಿಲ್ಲ, ತಮಾಷೆಗೆ ಹೇಳುತ್ತಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗುವುದು ಖಾತ್ರಿ, ಚಾರ್ಜ್ ಆಗುವ ದೀಪವೊಂದಿರಲಿ.

ಕಲಿಸಲು ಹತ್ತಿರದ ಬಿ.ಎಡ್. ಪ್ರಶಿಕ್ಷಣಾರ್ಥಿಗಳು, ಪದವಿ ವಿದ್ಯಾರ್ಥಿಗಳು ಸಿಗುತ್ತಾರೆ. ಆದರೆ ಗೌರವಧನ ಕೊಡಿ. ಪುಕ್ಕಟೆ ಸೇವೆ ಅವರ ಪರೀಕ್ಷೆ ಬಂದೊಡನೆ ನಿಲ್ಲುತ್ತದೆ. ಗ್ರಂಥಾಲಯ ಮೇಲ್ವಿಚಾರಕರ ಅವಧಿಯನ್ನು ಸುಮ್ಮನೆ ಹಿಗ್ಗಿಸಬೇಡಿ. ಆ ಮೂರು ದಿನ ಬೆಳಿಗ್ಗೆ ತಡವಾಗಿ ತೆರೆದು ಸಂಜೆ ಆರೂವರೆವರೆಗೆ ಇರುವಂತೆ ಬದಲಿಸಿದರೆ ಸಾಕು. ಬೀಗದ ಕೈ ಅವರಲ್ಲಿದೆ, ಆ ಆದೇಶ ತಮ್ಮ ಕೈಯಲ್ಲಿದೆ. ಮೇ ಮುಗಿಯುವುದರೊಳಗೆ ಅದು ಹೊರಟರೆ ಜೂನ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಮತ್ತು ತಪ್ಪು ಗುರುತಿಸುವ ಪಟ್ಟಿಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ನಾವು ಸಿದ್ಧಮಾಡಿ ಕೊಡುತ್ತೇವೆ.

ಇಂತಿ,
ಪ್ರೌಢಶಾಲಾ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುವವರು
ಉಡುಪಿ