ಗಟ್ಟಿ ಕಟ್ಟಡ ಕೆಡವುವುದೇಕೆ?

ಮಾನ್ಯರೇ,

ನಗರ ಕೇಂದ್ರಗಳಲ್ಲಿ ಗಟ್ಟಿಮುಟ್ಟಾಗಿರುವ ಗಗನಚುಂಬಿ ಕಚೇರಿ ಕಟ್ಟಡಗಳನ್ನೂ ಕೆಡವಿ ಹೊಸದು ಕಟ್ಟುವ ಪ್ರವೃತ್ತಿ ಕಳವಳಕಾರಿ. ನ್ಯೂಯಾರ್ಕ್‌ನಲ್ಲಿ 1960ರಲ್ಲಿ ಪೂರ್ಣಗೊಂಡಿದ್ದ 52 ಮಹಡಿಗಳ ಯೂನಿಯನ್ ಕಾರ್ಬೈಡ್ ಕಟ್ಟಡವನ್ನು, ನವೀಕರಿಸಿ ದಶಕ ಕಳೆಯುವ ಮುನ್ನವೇ ನೆಲಸಮ ಮಾಡಲಾಯಿತು. ಎಂಥ ನಷ್ಟ!

ಸಿಡ್ನಿಯಲ್ಲಿ ಬೇರೆ ದಾರಿ ಹಿಡಿದರು. 1976ರ ಕಟ್ಟಡವೊಂದರ ಕಂಬ, ತೊಲೆ, ಸ್ಲ್ಯಾಬ್‌ಗಳಲ್ಲಿ ಸುಮಾರು ಮೂರನೇ ಎರಡರಷ್ಟನ್ನು ಉಳಿಸಿಕೊಂಡು, ಪಕ್ಕಕ್ಕೂ ಮೇಲಕ್ಕೂ ಹೊಸ ಭಾಗಗಳನ್ನು ಬೆಸೆದು, 2022ರಲ್ಲಿ ಕ್ವೇ ಕ್ವಾರ್ಟರ್ ಟವರ್ ಎಂದು ತೆರೆದರು. ಹೊಸ ಕಾಂಕ್ರೀಟ್ ಕಾಲಕ್ರಮೇಣ ಕುಗ್ಗುವುದನ್ನೂ ಲೆಕ್ಕಹಾಕಿ ಹಳೆಯದಕ್ಕೆ ಜೋಡಿಸಬೇಕಾದ ನಾಜೂಕಿನ ಕೆಲಸವದು. ಚೌಕಟ್ಟು ಉಳಿದಷ್ಟೂ ಸಿಮೆಂಟ್, ಉಕ್ಕಿನ ತಯಾರಿಕೆಯಿಂದಾಗುವ ಇಂಗಾಲದ ಹೊರೆ ತಗ್ಗುತ್ತದೆ.

ಚೌಕಟ್ಟು ಉಳಿಸಲು ಸಾಧ್ಯವೇ ಎಂಬ ತಾಂತ್ರಿಕ ವರದಿಯನ್ನು ಮಾಲೀಕರು ಸಾರ್ವಜನಿಕವಾಗಿ ಪ್ರಕಟಿಸಿದ ಮೇಲಷ್ಟೇ ನಗರಾಡಳಿತಗಳು ಕೆಡವಲು ಅನುಮತಿ ನೀಡಲಿ.

– ಓದುಗ