ಕೈಯಲ್ಲಿರುವ ಕೆಲಸ ಮುಗಿಸಲು ಬಿಡಿ

ಸಂಪಾದಕರಿಗೆ ನಮಸ್ಕಾರ.

ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಉದ್ಯೋಗದ ಜಾಹೀರಾತುಗಳಲ್ಲಿ ‘ಏಕಕಾಲಕ್ಕೆ ಹಲವು ಕೆಲಸ ನಿಭಾಯಿಸಬಲ್ಲವರು ಬೇಕು’ ಎಂಬ ಸಾಲು ಕಂಡಾಗಲೆಲ್ಲ ಬೇಸರವಾಗುತ್ತದೆ. ಅದನ್ನು ಅರ್ಹತೆ ಎಂದು ಬರೆಯುವುದೇ ತಪ್ಪು.

ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ನಮ್ಮ ಪುಸ್ತಕದ ಲೆಕ್ಕವನ್ನೂ ತಾಳೆ ನೋಡಬೇಕು. ಯಾವ ಚೆಕ್ ಇನ್ನೂ ನಗದಾಗಿಲ್ಲ, ಯಾವ ಮೊತ್ತ ಎರಡು ಸಲ ದಾಖಲಾಗಿದೆ, ವ್ಯತ್ಯಾಸ ಯಾವ ತಾರೀಖಿನಿಂದ ಶುರುವಾಯಿತು, ಇದೆಲ್ಲ ಒಟ್ಟಿಗೆ ತಲೆಯಲ್ಲಿರಬೇಕು. ಅಷ್ಟರಲ್ಲಿ ‘ಒಂದ್ನಿಮಿಷ, ಆ ಬಿಲ್ ಪಾಸಾಯ್ತಾ?’ ಅಂತ ಮೆಸೇಜ್ ಬರುತ್ತದೆ. ಉತ್ತರ ಕೊಡಲು ನಿಜಕ್ಕೂ ಒಂದೇ ನಿಮಿಷ ಸಾಕು. ಆದರೆ ಅಷ್ಟು ಹೊತ್ತಿಗೆ ತಲೆಯಲ್ಲಿ ಹಿಡಿದಿಟ್ಟದ್ದೆಲ್ಲ ಚದುರಿರುತ್ತದೆ. ಮತ್ತೆ ಮೇಲಿನ ಸಾಲಿನಿಂದ ಹುಡುಕಬೇಕು. ಈ ಹುಡುಕಾಟದ ಹೊತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇದು ನನ್ನೊಬ್ಬಳ ಅನುಭವವಲ್ಲ. ಅರ್ಧಕ್ಕೆ ಬಿಟ್ಟು ಬಂದ ಕೆಲಸದಲ್ಲೇ ಗಮನದ ಒಂದು ಪಾಲು ಉಳಿದುಬಿಡುತ್ತದೆ, ಮುಂದಿನ ಕೆಲಸ ಅದರಿಂದ ಸೊರಗುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲೇ ತೋರಿಸಿದ್ದಾರೆ. ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರ 2008ರ ಪ್ರಯೋಗ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಅದರಲ್ಲಿ ನಡುವೆ ಅಡ್ಡಿಗೆ ಒಳಗಾದವರು ಕೆಲಸವನ್ನು ಬೇಗನೇ ಮುಗಿಸಿದರು. ಆದರೆ ಅವರಲ್ಲಿ ಒತ್ತಡ, ಕಿರಿಕಿರಿ ಜಾಸ್ತಿಯಾಗಿತ್ತು. ಮೇಲಿನವರ ಕಣ್ಣಿಗೆ ಬೀಳುವುದು ಆ ವೇಗ ಮಾತ್ರ, ಅಲ್ವಾ?

‘ಸ್ವಲ್ಪ ಗಮನ ಕೊಟ್ಟು ಮಾಡಿ’ ಎಂಬ ಬುದ್ಧಿಮಾತು ನಮಗೆ ಬೇಕಿಲ್ಲ. ವಿಮಾನಯಾನದವರು ಪೈಲಟ್‌ಗಳಿಗೆ ಬರೀ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ಅಮೆರಿಕದಲ್ಲಿ 1981ರಲ್ಲಿ ನಿಯಮವನ್ನೇ ತಂದರು. ವಿಮಾನ ಏರುವಾಗ, ಇಳಿಯುವಾಗ, 10,000 ಅಡಿಗಿಂತ ಕೆಳಗೆ ಇರುವಷ್ಟು ಹೊತ್ತು, ಹಾರಾಟಕ್ಕೆ ಸಂಬಂಧವಿಲ್ಲದ ಮಾತೇ ಕಾಕ್‌ಪಿಟ್‌ನಲ್ಲಿ ಕೂಡದು. ನಮ್ಮ ಕೆಲಸದಲ್ಲಿ ಪ್ರಾಣಕ್ಕೆ ಅಪಾಯವಿಲ್ಲ, ನಿಜ. ಆದರೂ ಗಮನ ಕಾಯುವ ಹೊಣೆಯನ್ನು ನೌಕರರ ಮೇಲಷ್ಟೇ ಹೊರಿಸುವುದು ಸರಿಯಲ್ಲ.

ಕೆಲಸ ಹಂಚುವ ಸ್ಥಾನದಲ್ಲಿ ಇರುವವರಲ್ಲಿ ನನ್ನ ಕೋರಿಕೆ ಇಷ್ಟೇ. ತಾಳೆ ನೋಡುವಂಥ ಕೆಲಸಕ್ಕೆ ಬೆಳಗ್ಗೆ ಎರಡು ಗಂಟೆ ಬಿಟ್ಟುಕೊಡಿ. ಆ ಹೊತ್ತಿನಲ್ಲಿ ಮೆಸೇಜಿಗೆ ಉತ್ತರ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನಿಜಕ್ಕೂ ಅರ್ಜೆಂಟ್ ಇದ್ದರೆ ಫೋನ್ ಮಾಡಿ. ಮಧ್ಯದಲ್ಲಿ ಹೊಸ ಕೆಲಸ ಕೊಡಲೇಬೇಕಾದರೆ, ಕೈಯಲ್ಲಿರುವ ಯಾವುದನ್ನು ನಿಲ್ಲಿಸಬೇಕು ಎಂಬುದನ್ನೂ ನೀವೇ ಹೇಳಿ.

– ಒಬ್ಬ ಲೆಕ್ಕಪತ್ರ ನೌಕರಳು