ಫೋಟೋ ಅಪ್‌ಲೋಡ್‌ನಲ್ಲಿ ಆಗುತ್ತಿರುವ ಬದಲಾವಣೆ

ಪ್ರೀತಿಯ ಗ್ರಾಹಕರೇ,

ಬರುವ ಸೋಮವಾರದಿಂದ ನಮ್ಮ ವೆಬ್‌ಸೈಟ್‌ನಲ್ಲಿ ಜೆಪೆಗ್ ಮತ್ತು ಪಿಎನ್‌ಜಿ ಫೈಲುಗಳನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಡಿಸೈನ್‌ಗೆ ಬಳಸುವ ಎಸ್‌ವಿಜಿ, ಇಪಿಎಸ್, ಪಿಡಿಎಫ್ ಫೈಲುಗಳು ಅಪ್‌ಲೋಡ್ ಆಗುವುದಿಲ್ಲ. ಲಗ್ನಪತ್ರಿಕೆ ಮಾಡಿಸುವವರಿಗೆ ಇದರಿಂದ ತೊಂದರೆ ಜಾಸ್ತಿ ಅಂತ ಗೊತ್ತು. ಅದಕ್ಕೇ ಕಾರಣವನ್ನು ಬಿಡಿಸಿ ಹೇಳುತ್ತಿದ್ದೇವೆ.

ನೀವು ಕಳಿಸಿದ ಫೋಟೋ ನಮ್ಮ ಕಣ್ಣಿಗೆ ಬೀಳುವ ಮೊದಲು ಸರ್ವರ್‌ನಲ್ಲಿರುವ ಇಮೇಜ್‌ಮ್ಯಾಜಿಕ್ ಎಂಬ ಸಾಫ್ಟ್‌ವೇರ್ ಅದನ್ನು ತೆರೆಯುತ್ತದೆ. ಅಳತೆ ಬದಲಿಸುವುದು, ನಿಮಗೆ ಪ್ರೂಫ್ (ಪ್ರಿಂಟ್‌ಗೆ ಮೊದಲು ನೋಡುವ ಮಾದರಿ) ಮಾಡಿಕೊಡುವುದು ಎಲ್ಲ ಅದರದೇ ಕೆಲಸ. ಒಳ್ಳೆಯ ಸಾಫ್ಟ್‌ವೇರ್, ಉಚಿತ ಕೂಡ. ಆದರೆ ಅದು ಇನ್ನೂರಕ್ಕೂ ಹೆಚ್ಚು ಬಗೆಯ ಫೈಲುಗಳನ್ನು ಓದುತ್ತದೆ. ಅಷ್ಟೊಂದು ಬಾಗಿಲು ನಮಗೆ ಬೇಕಿರಲಿಲ್ಲ.

2016ರ ಮೇ ತಿಂಗಳಲ್ಲಿ ಇದರಲ್ಲಿ ದೊಡ್ಡ ದೋಷವೊಂದು ಬಯಲಾಯಿತು. ಇಮೇಜ್‌ಟ್ರಾಜಿಕ್ ಅಂತ ಅದಕ್ಕೆ ಹೆಸರು ಬಿತ್ತು. ಫೈಲಿನ ಹೆಸರು ಜೆಪೆಗ್, ಒಳಗಿದ್ದದ್ದು ಬೇರೆ. ಅದರಲ್ಲಿ ಬರೆದಿಟ್ಟ ಕಮಾಂಡನ್ನು ಸರ್ವರ್ ನಡೆಸಿಬಿಡುತ್ತಿತ್ತು. 2023ರ ಫೆಬ್ರವರಿಯಲ್ಲಿ ಇನ್ನೊಂದು ದೋಷದ ವಿವರ ಹೊರಬಂತು. ಬೇಕೆಂದೇ ತಿದ್ದಿದ ಪಿಎನ್‌ಜಿಯೊಂದನ್ನು ಕಳಿಸಿದರೆ, ಅಳತೆ ಬದಲಾಗಿ ವಾಪಸ್ ಬರುವ ಚಿತ್ರದೊಳಗೆ ಸರ್ವರ್‌ನ ಬೇರೊಂದು ಫೈಲಿನ ವಿಷಯವೂ ಸೇರಿಕೊಂಡು ಬರುತ್ತಿತ್ತು. ನಾವು ಪ್ರೂಫ್ ಕಳಿಸುವುದೂ ಹೀಗೇ ಅಲ್ವಾ? ಓದಿದಾಗ ಎದೆ ಧಸಕ್ಕೆಂದಿತು.

ಈ ಎರಡನೇ ದೋಷವನ್ನು ಸರಿಪಡಿಸಿದ ಆವೃತ್ತಿ, ಅದರ ವಿವರ ಹೊರಬರುವ ಮೊದಲೇ ಬಂದಿತ್ತು. ನಾವು ಹಾಕಿಕೊಂಡಿರಲಿಲ್ಲ. ಮದುವೆ ಸೀಸನ್‌ನಲ್ಲಿ ಕೆಲಸ ನಿಲ್ಲಬಾರದು ಅಂತ ಮುಂದೂಡುತ್ತಲೇ ಬಂದೆವು. ಕಳೆದ ತಿಂಗಳು ಸರ್ವರ್ ಪರೀಕ್ಷೆ ಮಾಡಿಸಿದಾಗ ಆ ದೋಷ ನಮ್ಮಲ್ಲಿ ಹಾಗೇ ಉಳಿದಿರುವುದು ಗೊತ್ತಾಯಿತು. ಯಾರಾದರೂ ಇದನ್ನು ಬಳಸಿಕೊಂಡ ಗುರುತು ಸಿಕ್ಕಿಲ್ಲ. ಆದರೂ ತಪ್ಪು ನಮ್ಮದೇ, ಕ್ಷಮಿಸಿ. ನಿಮ್ಮ ಪಾಸ್‌ವರ್ಡನ್ನು ದಯವಿಟ್ಟು ಒಮ್ಮೆ ಬದಲಿಸಿಕೊಳ್ಳಿ.

ಈಗ ಹೊಸ ಆವೃತ್ತಿ ಹಾಕಿದ್ದೇವೆ. ಬೇಡದ ಫೈಲ್ ಬಗೆಗಳನ್ನು ಮುಚ್ಚಿದ್ದೇವೆ. ಮುಚ್ಚಿದರಷ್ಟೇ ಸಾಲದು, ಪಿಎನ್‌ಜಿಯಂಥ ತೆರೆದ ಬಾಗಿಲಿನ ದೋಷಕ್ಕೆ ಅಪ್‌ಡೇಟೇ ಮದ್ದು. ಅದಕ್ಕಾಗಿ ಪ್ರತಿ ತಿಂಗಳ ಮೊದಲ ಭಾನುವಾರ ರಾತ್ರಿ 11ರಿಂದ 1ರವರೆಗೆ ವೆಬ್‌ಸೈಟ್ ನಿಂತಿರುತ್ತದೆ. ತುರ್ತಿನ ಅಪ್‌ಡೇಟ್ ಬಂದರೆ ಮುಹೂರ್ತದ ದಿನಗಳಲ್ಲೂ ನಿಲ್ಲಿಸುತ್ತೇವೆ. ಆರ್ಡರ್ ತಲುಪಿ 30 ದಿನವಾದ ಮೇಲೆ ನಿಮ್ಮ ಫೋಟೋಗಳನ್ನು ಸರ್ವರ್‌ನಿಂದ ಅಳಿಸುತ್ತೇವೆ. ಬೇಕಾದವುಗಳ ಕಾಪಿ ಇಟ್ಟುಕೊಳ್ಳಿ.

ಲಗ್ನಪತ್ರಿಕೆಯ ಡಿಸೈನನ್ನು ಪಿಎನ್‌ಜಿ ಆಗಿ ಕೊಡಲು ನಿಮ್ಮ ಡಿಸೈನರ್‌ಗೆ ಹೇಳಿ. 4×6 ಇಂಚಿಗೆ 1200×1800 ಪಿಕ್ಸೆಲ್ ಇದ್ದರೆ ಅಕ್ಷರ ಚೆನ್ನಾಗಿ ಬರುತ್ತದೆ. ಪಿಡಿಎಫ್ ಮಾತ್ರ ಇದೆಯಾ? ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ತನ್ನಿ. ಅದಕ್ಕೆಂದೇ ಇಂಟರ್ನೆಟ್ ಇಲ್ಲದ ಒಂದು ಕಂಪ್ಯೂಟರ್ ಇಟ್ಟಿದ್ದೇವೆ. ಫೈಲಿನ ಹೆಸರನ್ನಷ್ಟೇ ಜೆಪೆಗ್ ಅಂತ ಬದಲಿಸಿ ಕಳಿಸಿದರೆ ವೆಬ್‌ಸೈಟ್ ತೆಗೆದುಕೊಳ್ಳುವುದಿಲ್ಲ, ಅದು ಈಗ ಒಳಗಿರುವುದನ್ನೇ ನೋಡುತ್ತದೆ. ಐಫೋನ್ ಇರುವವರು ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಕೊಂಡರೆ ಮುಂದೆ ತೆಗೆಯುವ ಫೋಟೋಗಳು ಜೆಪೆಗ್ ಆಗಿಯೇ ಇರುತ್ತವೆ.

ಗೊತ್ತಾಗದಿದ್ದರೆ ಫೋನ್ ಮಾಡಿ, ಜೊತೆಗಿದ್ದು ಮಾಡಿಸಿಕೊಡುತ್ತೇವೆ.

ಇಂತಿ,
ನಿಮ್ಮ ಫೋಟೋ ಪ್ರಿಂಟಿಂಗ್ ಅಂಗಡಿಯ ಬಳಗ